ರಾಶಿಯ ರೊಕ್ಕ, ತಿಂಗಳ ಬಾಡಿಗೆ

ಮಿಶ್ರಿಕೋಟಿಯಿಂದ ಹುಬ್ಬಳ್ಳಿಗೆ ಹೊರಟ ಸೋಮವಾರ ಮುಂಜಾನೆಯ ಬಸ್ಸಿನಲ್ಲಿ ಈ ವಾರ ಜನರಿಗಿಂತ ಚೀಲಗಳೇ ಹೆಚ್ಚಿದ್ದವು. ಧಾರವಾಡದಲ್ಲಿ ರೂಮು ಮಾಡಿಕೊಂಡು ಡಿಗ್ರಿ ಓದುವ ಹುಡುಗಿಯೊಬ್ಬಳು ಪುಸ್ತಕದ ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿ, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಟಿಗೆ ಬಿಳಿ ಬಟ್ಟೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಹೊರಗೆ ಮಿರಗದ ಮಳೆ. ಪುಸ್ತಕ ತೊಯ್ದರೆ ಒಣಗಿಸಿಕೊಳ್ಳಬಹುದು. ಕಡಕ್ ರೊಟ್ಟಿಗೆ ತಂಪು ಹತ್ತಿದರೆ ಎರಡು ವಾರದ ಊಟವೇ ಹೋಯಿತು.

ಆ ಗಂಟನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಕಡಕ್ ರೊಟ್ಟಿಯನ್ನು ತೆಳ್ಳಗೆ ಬಡಿಯಬೇಕು, ಅಂಚೂ ನಡುವೂ ಒಂದೇ ಸಮ ಇರಬೇಕು. ಹಂಚಿನಿಂದ ಇಳಿಸಿದ ಮೇಲೆ ಒಲೆಯ ಕಾವಿಗೆ ಒರಗಿಸಿ ನಿಲ್ಲಿಸಿದರೆ ಉಳಿದ ಪಸೆಯೂ ಆರಿ ಗರಿಗರಿಯಾಗುತ್ತದೆ. ದಪ್ಪಗಾದರೆ ನಡುವೆ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಸರಿಯಾಗಿ ಆರಿದ್ದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡದು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ: ಎಲ್ಲವೂ ಪುಡಿ, ಯಾವುದಕ್ಕೂ ಒಲೆ ಹಚ್ಚುವ ಕೆಲಸವಿಲ್ಲ. ಪೇಟೆಯಲ್ಲಿ ಕೊಳ್ಳಬೇಕಾದದ್ದು ಮೊಸರು, ಉಳ್ಳಾಗಡ್ಡಿ, ಒಂದೊಂದು ದಿನ ಸೌತೆಕಾಯಿ. ಮಿಶ್ರಿಕೋಟಿ ಇರುವ ಕಲಘಟಗಿ ಸೀಮೆಯಲ್ಲಿ ಭತ್ತ, ಗೋವಿನಜೋಳವೇ ಹೆಚ್ಚಾದ್ದರಿಂದ ರೊಟ್ಟಿಯ ಬಿಳಿಜೋಳವನ್ನು ಎಷ್ಟೋ ಮನೆಗಳು ಕೊಂಡೇ ತರುತ್ತವೆ. ಆದರೂ ಲೆಕ್ಕ ಹಾಕಿದರೆ ಖಾನಾವಳಿಯ ತಿಂಗಳ ಊಟಕ್ಕಿಂತ ಇದೇ ಅಗ್ಗ. ಅವ್ವ ಭಾನುವಾರ ಒಲೆಯ ಮುಂದೆ ಕೂತ ಹೊತ್ತನ್ನು ಆ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಇನ್ನೊಂದು ಸಣ್ಣ ಲೆಕ್ಕ. ಧಾರವಾಡಕ್ಕೆ ಚಿಗರಿ ಬಸ್ಸು ತನ್ನದೇ ದಾರಿಯಲ್ಲಿ ಬೇಗ ಮುಟ್ಟಿಸುತ್ತದೆ. ಆದರೆ ಅದು ಎ.ಸಿ. ಬಸ್ಸು, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಮಹಿಳೆಯರ ಉಚಿತ ಪ್ರಯಾಣ ಎ.ಸಿ. ಬಸ್ಸುಗಳಿಗಿಲ್ಲ. ಹುಡುಗಿ ರೊಟ್ಟಿಯ ಗಂಟು ಹೊತ್ತು ಸಾದಾ ಬಸ್ಸಿಗಾಗಿ ಕಾಯುತ್ತಾಳೆ. ಮೊದಲ ತರಗತಿಗೆ ತಡವಾಗದಿದ್ದರೆ ಸಾಕು, ಟಿಕೆಟ್ಟಿನ ರೊಕ್ಕದಲ್ಲಿ ಝೆರಾಕ್ಸ್ ಆಗುತ್ತದೆ. ಶಕ್ತಿ ಯೋಜನೆಗೆ ಮೊದಲು ಇಂಥ ಬುತ್ತಿಗಳು ಗುರುತಿನವರ ಕೈಯಲ್ಲೋ ಕಂಡಕ್ಟರರ ಕೃಪೆಯಲ್ಲೋ ಬರುತ್ತಿದ್ದವು, ಮಕ್ಕಳು ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುತ್ತಿದ್ದರು. ಈಗ ಹುಡುಗಿಯರು ಶನಿವಾರ ಹೋಗಿ ಸೋಮವಾರ ತಾವೇ ಹೊತ್ತು ತರುತ್ತಾರೆ. ಹುಡುಗರಿಗೆ ಬುತ್ತಿ ಇನ್ನೂ ಹಳೆಯ ದಾರಿಯಲ್ಲೇ ಬರುತ್ತದೆ.

ರೂಮು ಮಾಡಿದವರ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ಬಾಡಿಗೆ, ಕರೆಂಟು, ಗ್ಯಾಸು, ಮೊಬೈಲ್ ಕರೆನ್ಸಿ, ಝೆರಾಕ್ಸ್, ಹಾಲು. ಇದರಲ್ಲಿ ಜಾಣತನಕ್ಕೆ ಎಡೆಯಿರುವುದು ಕೆಲವಕ್ಕೆ ಮಾತ್ರ. ಗ್ಯಾಸಿಗೆ 5 ಕೆ.ಜಿ.ಯ ಸಣ್ಣ ಸಿಲಿಂಡರಿದೆ, ವಿಳಾಸದ ದಾಖಲೆ ಕೇಳುವುದಿಲ್ಲ, ಗುರುತಿನ ಚೀಟಿ ಸಾಕು. ಕರೆಂಟಿನದು ತೊಡಕು. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತ, ಬಾಡಿಗೆದಾರರಿಗೂ ಉಂಟು. ಆದರೆ ನಾಲ್ಕು ರೂಮಿಗೆ ಒಂದೇ ಮೀಟರಿದ್ದರೆ ಆ ಉಚಿತ ಯಾರ ಪಾಲಿಗೆ ಬರುತ್ತದೆ ಎಂಬುದು ಮನೆ ಮಾಲಕರ ಮನಸ್ಸಿಗೆ ಬಿಟ್ಟದ್ದು. ಬಾಡಿಗೆಯ ಮಾತು ಬಂದರೆ ಚೌಕಾಸಿಯೇ ಇಲ್ಲ.

ತಿಂಗಳಿಗೆ ಎಷ್ಟು ಬೇಕು ಎಂಬ ಪ್ರಶ್ನೆಗಿಂತ ಹೆಚ್ಚು ಕಾಡುವುದು ಯಾವಾಗ ಬೇಕು ಎಂಬುದು. ಪೇಟೆಯ ಖರ್ಚು ತಿಂಗಳ ಒಂದನೇ ತಾರೀಖಿಗೆ ಬಾಗಿಲು ಬಡಿಯುತ್ತದೆ. ಮಿಶ್ರಿಕೋಟಿಯ ಹೊಲಕ್ಕೆ ಆ ತಾರೀಖು ಗೊತ್ತಿಲ್ಲ. ಸೋಯಾ ಕೈಗೆ ಬರುವುದು ದಸರೆಯ ಹೊತ್ತಿಗೆ, ಗೋವಿನಜೋಳದ ರಾಶಿ ದೀಪಾವಳಿಯ ಆಚೀಚೆ, ಹತ್ತಿ ಆಮೇಲೂ ಬಿಡಿಸುತ್ತಲೇ ಇರುತ್ತಾರೆ. ಕಾಲೇಜಿನ ಫೀ, ರೂಮಿನ ಅಡ್ವಾನ್ಸ್, ಹೊಸ ಪುಸ್ತಕ ಇವೆಲ್ಲ ಒಟ್ಟಿಗೆ ಬೀಳುವುದು ಜೂನ್, ಜುಲೈಯಲ್ಲಿ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆಗೆ ಮನೆಯ ಕೊನೆಯ ರೂಪಾಯಿಯೂ ಹೊಲ ಸೇರುವ ತಿಂಗಳುಗಳೂ ಅವೇ. “ರಾಶಿ ಆದಮ್ಯಾಲೆ ಕೊಡತೇವ್ರಿ” ಎಂದರೆ ಊರಿನ ಅಂಗಡಿಕಾರನಿಗೆ ತಿಳಿಯುತ್ತದೆ. ಧಾರವಾಡದ ಸಪ್ತಾಪುರದ ರೂಮಿನ ಮಾಲಕರಿಗೆ ಹಾಗೆ ಹೇಳುವಂತಿಲ್ಲ. ವರ್ಷದ ಲೆಕ್ಕದಲ್ಲಿ ಮಗಳನ್ನು ಓದಿಸಬಲ್ಲ ಮನೆಯೇ ಜೂನ್ ತಿಂಗಳಲ್ಲಿ ಬಡ್ಡಿ ಸಾಲಕ್ಕೆ ಕೈ ಚಾಚುತ್ತದೆ.

ಧಾರವಾಡ ಈ ಪೇಚಾಟವನ್ನು ಮೊದಲಿನಿಂದಲೂ ಕಂಡ ಊರು. ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ, ವಿಶ್ವವಿದ್ಯಾಲಯ ಬಂದದ್ದು 1949ರ ನಂತರ. ಅಂದಿನ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆಗಳು ಸೇರಿ ಒಬ್ಬ ಹುಡುಗನ ವಾರ ಸಾಗಿಸುತ್ತಿದ್ದವು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳು ಎಷ್ಟೋ ಮಂದಿ. ಮಠಗಳಿಗೆ ಕಾಳು ಬರುತ್ತಿದ್ದದ್ದು ಸುಗ್ಗಿಯಲ್ಲಿ, ಅನ್ನ ಬಡಿಸುತ್ತಿದ್ದದ್ದು ವರ್ಷವಿಡೀ. ರೈತನ ಸುಗ್ಗಿಗೂ ವಿದ್ಯಾರ್ಥಿಯ ತಿಂಗಳಿಗೂ ಹೊಂದಾಣಿಕೆ ಆಗುತ್ತಿದ್ದದ್ದು ಮಠದ ಕಣಜದಲ್ಲಿ. ಬೇರೆ ಮನೆಯ ಹೊಸ್ತಿಲಲ್ಲಿ ದಿನವೂ ತಟ್ಟೆಗಾಗಿ ನಿಲ್ಲುವ ಸಂಕೋಚ, ಜಾತಿಯ ಗೋಡೆಗಳು ಆ ಕಾಲಕ್ಕೆ ಇದ್ದೇ ಇದ್ದವು. ವಾರಾನ್ನ ಮರಳಿ ಬರಲಿ ಎಂದು ಯಾರೂ ಬಯಸಬೇಕಿಲ್ಲ. ಆ ಕಣಜದ ಕೆಲಸವನ್ನು ಈಗ ಯಾರು ಮಾಡುತ್ತಾರೆ ಎಂದು ಮಾತ್ರ ಕೇಳಬೇಕು.

ಸರ್ಕಾರ ಒಂದಿಷ್ಟು ಮಾಡುತ್ತದೆ. ಹಾಸ್ಟೆಲ್ಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013-14ರಲ್ಲಿ ವಿದ್ಯಾಸಿರಿ ಬಂತು: ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. 2021ರಲ್ಲಿ ರೈತರ ಮಕ್ಕಳಿಗೆ ವಿದ್ಯಾನಿಧಿ ಬಂತು: ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಒಂಟಿ ರೂಮಿನಲ್ಲಿ ಇರುವವರಿಗೆ ವಿದ್ಯಾಸಿರಿಯದು ಸಣ್ಣ ಮೊತ್ತವಲ್ಲ. ಹೆಸರಿಗೆ ತಿಂಗಳ ಲೆಕ್ಕವಾದರೂ ಅದು ಖಾತೆಗೆ ಬೀಳುವ ಹೊತ್ತಿಗೆ ಅಡ್ವಾನ್ಸಿನ ಸಾಲಕ್ಕೆ ಬಡ್ಡಿ ಏರಿರುತ್ತದೆ, ಗೆಳತಿಯ ಕೈಗಡವೂ ತೀರದೆ ಉಳಿದಿರುತ್ತದೆ. ಸ್ಕಾಲರ್‌ಶಿಪ್ ಬಂತೇ ಎಂದು ಮೊಬೈಲಿನಲ್ಲಿ ನೋಡುವುದು, ಆಧಾರ್ ಜೋಡಣೆ ಆಗಿಲ್ಲವೆಂದು ಬ್ಯಾಂಕಿಗೆ ಓಡುವುದು, ತರಗತಿ ತಪ್ಪುವುದು.

ಹೊಸದಾಗಿ ಸೇರಿದವರ ಅರ್ಜಿ, ಜಾತಿ-ಆದಾಯ ಪತ್ರ, ಅಂಕಪಟ್ಟಿ ಪರಿಶೀಲಿಸಲು ಇಲಾಖೆಗೆ ಸಮಯ ಬೇಕು, ಅದು ನ್ಯಾಯವೇ. ಎರಡನೆಯ, ಮೂರನೆಯ ವರ್ಷದವರ ಕಾಗದಗಳು ಹೋದ ವರ್ಷವೇ ಅಲ್ಲಿ ಸೇರಿರುತ್ತವೆ. ಕಾಲೇಜು ಹಾಜರಿಯನ್ನೂ ಪಾಸಾದ ಸುದ್ದಿಯನ್ನೂ ತಿಳಿಸಿದರೆ ಸಾಕು, ಅವರಿಗೆ ಮೂರು ತಿಂಗಳ ವಿದ್ಯಾಸಿರಿಯನ್ನು ಒಟ್ಟಿಗೆ ಜುಲೈಯಲ್ಲಿ ಕೊಡಲು ಬಂದೀತು. ಉಳಿದದ್ದು ಎಂದಿನಂತೆ ಬರಲಿ. ಆಗ ಮಿಶ್ರಿಕೋಟಿಯ ಮನೆಯಲ್ಲಿ ಬೀಜದ ರೊಕ್ಕವನ್ನು ಬಾಡಿಗೆಗೆ ಮುರಿಯಬೇಕಾಗಿಲ್ಲ.