ಗುಡ್ಡದ ಮಣ್ಣು ಕೆರೆಯಲ್ಲಿದೆ



ಸಹ್ಯಾದ್ರಿಯಲ್ಲಿ ಹುಟ್ಟುವ ತುಂಗಾ, ಭದ್ರಾ ನದಿಗಳು ಬಯಲಿಗೆ ನೀರಿನೊಡನೆ ಮಣ್ಣನ್ನೂ ಒಯ್ಯುತ್ತವೆ. 1953ರಲ್ಲಿ ಸುಮಾರು 133 ಟಿಎಂಸಿ ಅಡಿಯಷ್ಟಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯ ವೇಳೆಗೆ 106ರ ಆಸುಪಾಸಿಗೆ ಇಳಿದಿತ್ತು. ಊರ ಕೆರೆಗಳ ಕಥೆಯೂ ಇದೇ.

ನೀರಿಗೆ ಎರವಾದ ಹೂಳು ಬೆಳೆಗೆ ಆಹಾರ. ಮಳೆಯಲ್ಲಿ ಕೊಚ್ಚಿಬಂದ ಮೇಲ್ಮಣ್ಣು, ತರಗೆಲೆ, ಸಗಣಿಗಳ ಸಾರ ಅದರಲ್ಲಿರುತ್ತದೆ. ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುವುದು ಹಿರಿಯರ ವಾಡಿಕೆ. ಅದರ ಜೇಡಿಕಣಗಳು ಮರಳುಮಿಶ್ರಿತ ಕೆಂಪುನೆಲದಲ್ಲಿ ತೇವವನ್ನು ಹಿಡಿದಿಡುತ್ತವೆ. ನೀರು ಬಸಿಯದ ಜಿಗುಟು ನೆಲಕ್ಕೆ ಮಾತ್ರ ಅದು ಸಲ್ಲದು.

ಅಡಕೆ ತೋಟಕ್ಕೆ ಹೊಸಮಣ್ಣು ಬೇಕೆಂದು ಗುಡ್ಡವನ್ನು ಅಗೆದರೆ, ಸಡಿಲಗೊಂಡ ಇಳಿಜಾರು ಮರುವರ್ಷವೇ ಕೆರೆಗಿಳಿಯುತ್ತದೆ. ಬಸಿಗಾಲುವೆ ಸರಿಯಿರುವ ತೋಟಕ್ಕೆ ಒಣಗಿಸಿ ಪುಡಿಮಾಡಿದ ಹೂಳನ್ನು ಗೊಬ್ಬರದೊಡನೆ ಹಾಕಿದರೆ ಗುಡ್ಡವೂ ಉಳಿದೀತು, ಕೆರೆಯೂ ತುಂಬೀತು.

ಎಚ್ಚರವೂ ಅಗತ್ಯ. ಹೂಳಿನಡಿಯ ಗಟ್ಟಿ ಜೇಡಿಪದರವನ್ನು ಒಡೆದರೆ ನೀರು ನಿಲ್ಲದು. ಏರಿಯ ಬುಡವನ್ನು ಅಗೆದರೆ ಏರಿ ನಿಲ್ಲದು. ಪಟ್ಟಣದ ಕೊಳಚೆ ಸೇರುವ ಕೆರೆಯ ಹೂಳಿನಲ್ಲಿ ಭಾರಲೋಹಗಳಿರಬಹುದು. ಪರೀಕ್ಷಿಸದೆ ಅದನ್ನು ಬಳಸಬಾರದು.

ಹೂಳೆತ್ತುವುದು ಅರ್ಧ ಕೆಲಸ. ಬೆಟ್ಟದ ಹಸಿರು ಹೊದಿಕೆಯನ್ನು ಕಾಯುವುದು ಉಳಿದರ್ಧ.