ಕೆಲಸವಿಲ್ಲದ ಮಾತು ನಾಲಿಗೆಗೆ ಹತ್ತದು



ಇಂಗ್ಲಿಷ್ ಸಂಭಾಷಣಾ ತರಗತಿಗಳ ಕಲಿಕೆ ಮತ್ತು ವ್ಯವಹಾರ, ಎರಡನ್ನೂ ಒಂದೇ ವಿಚಾರ ಸಂಕಿರಣದಲ್ಲಿ ಚರ್ಚೆಗೆ ತಂದದ್ದಕ್ಕಾಗಿ ಸಂಘಟಕರಿಗೆ ನನ್ನ ಕೃತಜ್ಞತೆ. ಪಾಠಕ್ರಮದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಅಧ್ಯಾಪಕರಾದ ನಾವು ಫೀಸಿನ ಬಗ್ಗೆ ಬಾಯಿ ಬಿಡುವುದಿಲ್ಲ. ನಾವು ದಾರಿ ತಪ್ಪಿದ್ದು ಎಲ್ಲಿ ಎಂಬ ಪ್ರಶ್ನೆಗೆ ನನ್ನದು ಬಹುಕಾಲದಿಂದ ಒಂದೇ ಉತ್ತರ: ಮಾತನ್ನು ಕೆಲಸದಿಂದ ಬಿಡಿಸಿ ಪಾಠ ಮಾಡಿದೆವು, ಹಾಗೆ ಬಿಡಿಸಿಟ್ಟ ಮಾತನ್ನು ಗಂಟೆಯ ಲೆಕ್ಕದಲ್ಲಿ ಮಾರುವುದು ವ್ಯಾಪಾರಿಗಳಿಗೆ ಸುಲಭವಾಯಿತು.

ಬೋಧನಾ ಪದ್ಧತಿಗಳ ಇತಿಹಾಸವನ್ನು ಮಿತ್ರರು ಮೊದಲ ಗೋಷ್ಠಿಯಲ್ಲಿ ಹೇಳಲಿದ್ದಾರೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ವಿಚಾರದಲ್ಲಿ ನಮಗೆಲ್ಲ ಗುರುಸಮಾನರಾದ ಹಿರಿಯರು ಮುಂದಿನ ಸಾಲಿನಲ್ಲೇ ಇದ್ದಾರೆ. ಅವರ ಕ್ಷೇತ್ರಕ್ಕೆ ನಾನು ಕಾಲಿಡುವುದಿಲ್ಲ. ಮಾತಿನ ಈ ವ್ಯಾಪಾರ ಎಲ್ಲಿಗೆ ಮುಟ್ಟುತ್ತದೆ ಎಂದು ತೋರಿಸಲು ಸ್ವಲ್ಪ ದೂರದ ಜಪಾನಿನಿಂದ ಶುರುಮಾಡುತ್ತೇನೆ.

1981ರಲ್ಲಿ ಒಸಾಕಾದಲ್ಲಿ ಹುಟ್ಟಿದ ನೋವಾ ಎಂಬ ಇಂಗ್ಲಿಷ್ ಸಂಭಾಷಣಾ ಸಂಸ್ಥೆ, ರೈಲು ನಿಲ್ದಾಣದ ಎದುರಿಗೇ ವಿದೇಶ ವ್ಯಾಸಂಗ ಎಂದು ಸಾರುತ್ತ ದೇಶದ ತುಂಬ ಶಾಲೆ ತೆರೆಯಿತು. ವಿದ್ಯಾರ್ಥಿ ಮುಂಗಡ ಹಣ ಕಟ್ಟಿ ಪಾಠದ ಪಾಯಿಂಟುಗಳನ್ನು ಕೊಳ್ಳಬೇಕು. ಹೆಚ್ಚು ಕೊಂಡರೆ ದರ ಕಡಿಮೆ. ಮಧ್ಯದಲ್ಲಿ ಬಿಟ್ಟರೆ ಮಾತ್ರ, ಆಗಲೇ ಮುಗಿದ ಪಾಠಗಳಿಗೆ ದುಬಾರಿ ದರ ಹಾಕಿ ಉಳಿಕೆ ಹಣ ಕೊಡುತ್ತಿದ್ದರು. 2007ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಲೆಕ್ಕ ಕಾನೂನುಬಾಹಿರ ಎಂದಿತು. ಜೂನ್‌ನಲ್ಲಿ ಸರ್ಕಾರ ದೀರ್ಘಾವಧಿಯ ಹೊಸ ಒಪ್ಪಂದಗಳನ್ನು ಆರು ತಿಂಗಳು ತಡೆಹಿಡಿಯಿತು. ಅಕ್ಟೋಬರ್‌ನಲ್ಲಿ ಸಂಸ್ಥೆ ದಿವಾಳಿ. ಲಕ್ಷಾಂತರ ವಿದ್ಯಾರ್ಥಿಗಳ ಮುಂಗಡ ಮುಳುಗಿತು. ಸಾವಿರಾರು ವಿದೇಶಿ ಶಿಕ್ಷಕರಿಗೆ ಸಂಬಳ ನಿಂತಿತು. ಊಟ ಕೊಟ್ಟರೆ ಪಾಠ ಹೇಳುತ್ತೇವೆ ಎಂದು ಕೆಲವರು ಹೊರಟರು. 2010ರಲ್ಲಿ ಜಿಯೋಸ್ ಎಂಬ ಇನ್ನೊಂದು ದೊಡ್ಡ ಸಂಸ್ಥೆಯೂ ಬಾಗಿಲು ಹಾಕಿತು.

ಇದೇ ದೇಶಕ್ಕೆ ಇನ್ನೊಂದು ಮುಖವೂ ಇದೆ. ನಮ್ಮ ಕಪಾಟುಗಳಲ್ಲಿರುವ ಹಾರ್ನ್‌ಬಿಯವರ ಇಂಗ್ಲಿಷ್ ನಿಘಂಟು ಮೊದಲು ಅಚ್ಚಾದದ್ದು 1942ರಲ್ಲಿ, ಟೋಕಿಯೋದಲ್ಲಿ. ಜಪಾನೀ ವಿದ್ಯಾರ್ಥಿಗಳ ತೊಡಕುಗಳನ್ನು ತರಗತಿಯಲ್ಲೇ ಕಂಡವರು ಕಟ್ಟಿದ ಕೋಶ ಅದು. ಅಂಥ ವಿದ್ವತ್ತು ಬೆಳೆದ ದೇಶದಲ್ಲೇ ಸಂಭಾಷಣೆಯ ವ್ಯಾಪಾರ ಹೀಗೆ ಕುಸಿಯಿತು. ಕೊರತೆ ವಿದ್ವತ್ತಿನದಾಗಿರಲಿಲ್ಲ.

ಈಗ ನಾವು ಕುಳಿತಿರುವ ಊರಿಗೆ ಬರೋಣ. ಇಲ್ಲೇ ಮುಂಬಯಿಯ ಕಾಂದಿವಲಿ ಪಶ್ಚಿಮದ ಹೋಟೆಲೊಂದರ ಗಲ್ಲೆಯಲ್ಲಿ ಕುಂದಾಪುರ ಕಡೆಯ ಯುವಕನೊಬ್ಬನಿದ್ದಾನೆ. ಮಾಣಿಯಾಗಿ ಬಂದವನು. ಧಣಿಯ ಜೊತೆ ತುಳು, ತರಕಾರಿಯವನ ಜೊತೆ ಮರಾಠಿ, ಅಡುಗೆಮನೆಯಲ್ಲಿ ಹಿಂದಿ. ಪಾವ್‌ಭಾಜಿ ಜೈನರದ್ದೋ, ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದೋ ಎಂದು ಗಿರಾಕಿಯನ್ನು ಕೇಳುವುದು ಗುಜರಾತಿಯಲ್ಲಿ. ಇವನ್ನೆಲ್ಲ ಅವನಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಇಂಗ್ಲಿಷಿಗೆ ಮಾತ್ರ ಒಂದು ಕ್ಲಾಸಿಗೆ ಪೂರ್ತಿ ಫೀಸು ಮುಂಗಡ ಕಟ್ಟಿದ. ಕೋರ್ಸು ಮುಗಿಯುವ ಮೊದಲೇ ಕ್ಲಾಸಿಗೆ ಬೀಗ ಬಿತ್ತು. ಗಲ್ಲೆಯ ಡ್ರಾಯರಿನಿಂದ ರಸೀತಿ ತೆಗೆದು ತೋರಿಸಿದ. ಕಟ್ಟಿದ ಫೀಸು ಯಾವ ಕಾರಣಕ್ಕೂ ವಾಪಸಿಲ್ಲ ಎಂದು ಅಡಿಯಲ್ಲಿ ಮುದ್ರಿಸಿತ್ತು. ಅವನ ನೋಟುಪುಸ್ತಕದ ಮೊದಲ ಪುಟದಲ್ಲಿ ಸ್ವಪರಿಚಯ, ಎರಡನೆಯದರಲ್ಲಿ ವಿಮಾನ ನಿಲ್ದಾಣದ ಸಂಭಾಷಣೆ. ಆತ ವಿಮಾನ ಹತ್ತಿದವನಲ್ಲ. ಹೋಟೆಲಿನ ಬಗ್ಗೆ, ಬಿಲ್ಲಿನ ಬಗ್ಗೆ ಆ ಪುಸ್ತಕದಲ್ಲಿ ಒಂದು ವಾಕ್ಯವೂ ಇರಲಿಲ್ಲ.

ಗುಜರಾತಿ ದಕ್ಕಿದವನಿಗೆ ಇಂಗ್ಲಿಷ್ ಏಕೆ ದಕ್ಕಲಿಲ್ಲ? ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದು. ಹತ್ತಿರದ ನುಡಿಯೆಂದು ಗುಜರಾತಿ ದಕ್ಕಿತು ಎನ್ನೋಣವೇ? ಅದು ನಮ್ಮ ತುಳು, ಕನ್ನಡಗಳ ಬಳಗದ ಭಾಷೆಯೇನಲ್ಲ. ಇಂಗ್ಲಿಷಿನಲ್ಲಿ ಅವನ ಮಾತು ಕೇಳುವವರಿಲ್ಲ ಎನ್ನೋಣವೇ? ನೋವಾ ಮಾರಿದ್ದೇ ಕೇಳುವವರನ್ನು. ಎದುರಿಗೆ ಇಂಗ್ಲಿಷ್ ಮನೆಮಾತಿನವರೇ ಕೂತಿದ್ದರೂ ಅಲ್ಲಿ ಅನೇಕರಿಗೆ ಮಾತು ಹತ್ತಲಿಲ್ಲ. ಏಕೆಂದರೆ ಕಲಿಸುವವರು, ಕಲಿಯುವವರ ನಡುವೆ ಆಗಬೇಕಾದ ಕೆಲಸ ಯಾವುದೂ ಇರಲಿಲ್ಲ.

ಪಾಠದೊಳಗೇ ಕೆಲಸ ತರುವ ದಾರಿ ತೋರಿಸಿದ ಪ್ರಯೋಗ ನಮ್ಮ ಬೆಂಗಳೂರಿನ ಹೆಸರಿನಿಂದಲೇ ಪ್ರಸಿದ್ಧ. 1979ರಿಂದ 1984ರವರೆಗೆ ಭಾಷಾಬೋಧನಾ ತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಟ್ಟಿ ಬದಿಗಿಟ್ಟು, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆಗಳನ್ನಿಟ್ಟರು. ಯಾವ ಗಾಡಿ ಹಿಡಿದರೆ ಹೊತ್ತಿಗೆ ಮುಟ್ಟಬಹುದು ಎಂದು ಮಕ್ಕಳು ತಲೆ ಓಡಿಸಬೇಕು. ಗಮನವೆಲ್ಲ ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಕೂಡಿಬರುತ್ತದೆ ಎಂಬುದು ಅವರ ನಂಬಿಕೆ. 1987ರ ಅವರ ಪುಸ್ತಕವನ್ನು ಜಗತ್ತು ಓದಿತು. ಲೋಕಲ್ ರೈಲಿನ ವೇಳಾಪಟ್ಟಿಯಂತೆಯೇ ದಿನ ದೂಡುವ ಕಾಂದಿವಲಿಯ ಆ ಯುವಕನ ಕ್ಲಾಸಿಗೆ ಮಾತ್ರ ಅದು ತಲುಪಲಿಲ್ಲ.

ಹಾಗಾದರೆ ಕೆಲಸವೊಂದಿದ್ದರೆ ಸಾಕೇ? ದಿನವಿಡೀ ಇಂಗ್ಲಿಷಿನಲ್ಲೇ ಪತ್ರ ಬರೆಯುವ ಗುಮಾಸ್ತರು ಮೀಟಿಂಗಿನಲ್ಲಿ ತುಟಿ ಬಿಚ್ಚದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಗುಜರಾತಿಯಲ್ಲಿ ತಪ್ಪಿದರೆ ಗಿರಾಕಿ ತಿದ್ದಿ ಮುಂದೆ ಹೋಗುತ್ತಾನೆ. ಇಂಗ್ಲಿಷಿನಲ್ಲಿ ತಪ್ಪಿದರೆ ನಾವು ಯಾವ ಶಾಲೆಯಿಂದ, ಎಂಥ ಮನೆಯಿಂದ ಬಂದವರೆಂದು ಅಳೆಯುತ್ತಾರೆ. ಕೆಲಸ ಮೊದಲೋ, ತಪ್ಪು ಮಾಡುವ ಸ್ವಾತಂತ್ರ್ಯ ಮೊದಲೋ? ನನ್ನಲ್ಲಿ ಉತ್ತರವಿಲ್ಲ. ಪ್ರಬಂಧ ಮಂಡಿಸಲಿರುವ ಕಿರಿಯ ಮಿತ್ರರು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಪ್ರೀತಿಯಿಂದ ಒತ್ತಾಯಿಸುತ್ತೇನೆ.

ಅಧ್ಯಕ್ಷರ ಚೀಟಿ ಬಂದಿದೆ. ಫೀಸಿನ ಮಾತಿಗೆ ಮರಳಿ ಮುಗಿಸುತ್ತೇನೆ. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿ, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಫೀಸನ್ನು 10 ದಿನದೊಳಗೆ ಮರಳಿಸಬೇಕೆನ್ನುತ್ತದೆ. ಆದರೆ ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಬರೆದದ್ದು. ಮೂವತ್ತು ಕುರ್ಚಿಯ ಒಂದು ಕೋಣೆಯ ಕ್ಲಾಸು ಅದರಾಚೆಗೇ ಉಳಿಯುತ್ತದೆ. ಅಲ್ಲಿ ಕಲಿಯುವವರ ಹಣ ಕಾಯುವ ಹೊಣೆ ವೃತ್ತಿಯವರಾದ ನಮ್ಮದು.

ಆದ್ದರಿಂದ ಈ ಸಂಕಿರಣ ಸಂಜೆ ಕೈಗೊಳ್ಳುವ ನಿರ್ಣಯದಲ್ಲಿ ಎರಡು ಮಾತು ಸೇರಲಿ. ಫೀಸು ತಿಂಗಳಿಗೊಮ್ಮೆ ಮಾತ್ರ, ಕಲಿಸಿದ ಮೇಲೆ. ಪಾಠ ಆರಂಭವಾಗುವುದು ಕಲಿಯುವವನು ಇವತ್ತು ಮಾಡುತ್ತಿರುವ ಕೆಲಸದಿಂದ. ಇವೆರಡನ್ನು ಪಾಲಿಸಲಾಗದ ಕ್ಲಾಸಿಗೆ ನಮ್ಮಲ್ಲಿ ಯಾರೂ ಪಾಠ ಮಾಡಲು ಹೋಗಬಾರದು. ಇದು ನನ್ನ ವಿನಂತಿ.