ಚೀಲ ಮಕ್ಕಳ ಬೆನ್ನ ಮೇಲೇ ಇರಲಿ

(ಜಬಲ್ ಶಮ್ಸ್ ಚಾರಣಕ್ಕೆ ಮುಂಚೆ ಮಸ್ಕತ್‌ನಲ್ಲಿ ನಡೆದ ಮಕ್ಕಳು ಮತ್ತು ಪೋಷಕರ ಸಭೆಯಲ್ಲಿ ಆಡಿದ ಮಾತು)

ಶುಕ್ರವಾರದ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿದ್ದೀರಿ, ನೇರವಾಗಿ ವಿಷಯಕ್ಕೆ ಬರ್ತೀನಿ.

ಮೊದಲು ನನ್ನದೇ ತಪ್ಪು ಹೇಳ್ತೀನಿ. ಎರಡು ವರ್ಷದ ಹಿಂದೆ ಇದೇ ಬೆಟ್ಟಕ್ಕೆ ಮಗನನ್ನು ಕರ್ಕೊಂಡು ಹೋಗಿದ್ದೆ. ಅವನಿಗಾಗ ಹದಿಮೂರು. ಹೊರಡುವಾಗ, "ಎಲ್ಲರೆದುರು ನನ್ನ ಮಾನ ಕಳೀಬೇಡ ಮಾರಾಯ" ಅಂದೆ. ನಾನು ಹೇಳಿದ್ದು ತಮಾಷೆಗೆ, ಅವನು ನಿಜ ಅಂದ್ಕೊಂಡ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆದರೂ ಬಾಯಿ ಬಿಡಲಿಲ್ಲ. ರಾತ್ರಿ ಶೂ ಬಿಚ್ಚಿದಾಗ ಸಾಕ್ಸ್ ರಕ್ತಕ್ಕೆ ಅಂಟಿಕೊಂಡಿತ್ತು. ಉರಿ ಶುರುವಾದಾಗಲೇ ಐದು ನಿಮಿಷ ಕೂತು ಟೇಪ್ ಹಚ್ಚಿದ್ದರೆ ಮುಗೀತಿತ್ತು. ಮರುದಿನ ಅವನು ಕುಂಟುತ್ತಾ ಇಳಿದ, ನಾನು ಎರಡು ಚೀಲ ಹೊತ್ತು ಇಳಿದೆ.

ಆದ್ದರಿಂದ ಮಕ್ಕಳೇ, ಮೊದಲ ನಿಯಮ: ನೋವು, ತಲೆಸುತ್ತು, ಚಳಿ ಏನೇ ಆದರೂ ಆಗಲೇ ಹೇಳಿ. ಪೋಷಕರೇ, ಹೇಳಿದ ಮಗುವನ್ನು ಗದರಬೇಡಿ.

ನಮ್ಮಲ್ಲಿ ಕೆಲವರು ಕುಮಾರಪರ್ವತ ಹತ್ತಿದವರು, "ಇದೇನು ಮಹಾ" ಅಂತೀರಿ. ಅಲ್ಲಿ ಕಾಡಿನ ನೆರಳಿದೆ, ಅರ್ಧ ದಾರಿಯಲ್ಲಿ ಭಟ್ಟರ ಮನೆ ಊಟವಿದೆ. ಇಲ್ಲಿ ಬೋಳು ಬಂಡೆ, ಹತ್ತುವ ದಾರಿಯಲ್ಲಿ ನೀರಿಲ್ಲ. ಎತ್ತರ ಮೂರು ಸಾವಿರ ಮೀಟರ್ ಹತ್ತಿರ. ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗೂ ಇಳಿಯುತ್ತೆ. ಮಸ್ಕತ್‌ನ ಸೆಕೆಯಲ್ಲಿ ಕೂತು ಚೀಲ ತುಂಬುವಾಗ ಇದು ನೆನಪಾಗೋದೇ ಇಲ್ಲ.

ಚೀಲದ ಲೆಕ್ಕ ನೋಡಿ. ಮೈತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರಿಸಬಾರದು. ಮಗು 45 ಕಿಲೋ ಇದ್ದರೆ ಚೀಲ 9 ಕಿಲೋ. ಅದರಲ್ಲಿ 4 ಲೀಟರ್ ನೀರೇ 4 ಕಿಲೋ. ಉಳಿದ ಐದರಲ್ಲಿ ಸ್ಲೀಪಿಂಗ್ ಬ್ಯಾಗ್, ಬೆಚ್ಚನೆ ಬಟ್ಟೆ, ಟಾರ್ಚ್, ಊಟ. ಗುಡಾರ, ಉಳಿದ ನೀರು ದೊಡ್ಡವರ ಪಾಲು. ಅಮ್ಮಂದಿರೇ, ದಯವಿಟ್ಟು ಸ್ಟೀಲ್ ಡಬ್ಬಿ ಬೇಡ! ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಚಿಕ್ಕಿ, ಖರ್ಜೂರ ಸಾಕು. ಹತ್ತಿಯ ಬನಿಯನ್ ಬೆವರಿಗೆ ಒದ್ದೆಯಾದರೆ ಬೇಗ ಒಣಗಲ್ಲ, ಸಂಜೆ ಮೈ ನಡುಗಿಸುತ್ತೆ. ಒಣ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯೇ ಇರಲಿ.

ಚೀಲ ತುಂಬಬೇಕಾದವರು ಮಕ್ಕಳೇ. ಅಮ್ಮ ತುಂಬಿಕೊಟ್ಟರೆ ಕತ್ತಲಲ್ಲಿ ಟಾರ್ಚ್ ಎಲ್ಲಿದೆ ಅಂತ ಮಗುವಿಗೆ ಗೊತ್ತಿರಲ್ಲ.

ಹೊಸ ಶೂ ಹಾಕಿ ಬೆಟ್ಟಕ್ಕೆ ಬರಬೇಡಿ. ಈಗಲೇ ತಗೊಂಡು ಮೂರು ವಾರ ನಡೆದಾಡಿ. ಆಸ್ತಮಾ, ಅಲರ್ಜಿ ಇದ್ದರೆ ಮುಚ್ಚಿಡದೆ ನನಗೆ ಹೇಳಿ. ಇನ್ಹೇಲರ್ ಮಗುವಿನ ಜೇಬಲ್ಲೇ ಇರಬೇಕು. ಎಲ್ಲರ ಕೊರಳಲ್ಲೂ ಒಂದು ಸೀಟಿ. ದಾರಿಯ ಬಂಡೆಗಳ ಮೇಲೆ ಹಳದಿ, ಬಿಳಿ, ಕೆಂಪು ಪಟ್ಟಿ ಬಳಿದಿರುತ್ತಾರೆ. ಅದು ಕಾಣದಿದ್ದರೆ ಅಲ್ಲೇ ನಿಂತು ಮೂರು ಸಲ ಊದಿ. ಹುಡುಕುತ್ತಾ ಮುಂದೆ ಹೋಗಬೇಡಿ.

ಇನ್ನು ವಾದಿ. ನಮ್ಮ ತಲೆ ಮೇಲೆ ಬಿಸಿಲಿದ್ದರೂ ದೂರದ ಬೆಟ್ಟದಲ್ಲಿ ಸುರಿದ ಮಳೆ ಇಲ್ಲಿಗೆ ನುಗ್ಗಿ ಬರುತ್ತೆ. 2024ರ ಏಪ್ರಿಲ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನ ನೆರೆಗೆ ಸಿಕ್ಕಿದ್ದನ್ನು ನಾವ್ಯಾರೂ ಮರೆತಿಲ್ಲ. ಹವಾಮಾನ ಇಲಾಖೆ ಮಳೆ ಎಚ್ಚರಿಕೆ ಕೊಟ್ಟರೆ ಪ್ರವಾಸ ರದ್ದು. "ರಜೆ ಹಾಕಿದ್ದೀನಿ, ಸೂಪರ್‌ವೈಸರ್ ಕಾಲು ಹಿಡಿದು ತಗೊಂಡಿದ್ದು" ಅಂತ ಫೋನ್ ಮಾಡಬೇಡಿ. ರಜೆಯ ಬೆಲೆ ನನಗೂ ಗೊತ್ತು. ಆದರೂ ರದ್ದು.

ಮನೆಯಲ್ಲಿ ಉಳಿಯುವವರಿಗೆ ದಾರಿಯ ನಕ್ಷೆ, ವಾಪಸ್ ಬರುವ ಹೊತ್ತು ಬರೆದು ಕೊಡ್ತೀವಿ. ಮೇಲೆ ಎಲ್ಲ ಕಡೆ ಸಿಗ್ನಲ್ ಸಿಗಲ್ಲ, ಒಂದು ಗಂಟೆ ಫೋನ್ ಬರದಿದ್ದರೆ ಗಾಬರಿಯಾಗಬೇಡಿ. ಹೇಳಿದ ಹೊತ್ತು ಮೀರಿ, ನಮ್ಮ ಯಾರ ಫೋನೂ ಸಿಗದಿದ್ದರೆ 9999ಕ್ಕೆ ಕರೆ ಮಾಡಿ.

ಮುಂದಿನ ಶುಕ್ರವಾರ ಬೆಳಿಗ್ಗೆ ಆರಕ್ಕೆ ರಿಯಾಮ್‌ನಿಂದ ಮತ್ರಾಗೆ ಹಳೆಯ ಕಾಲುದಾರಿಯಲ್ಲಿ ಅಭ್ಯಾಸ ನಡಿಗೆ. ಚೀಲ ಪೂರ್ತಿ ತುಂಬಿಕೊಂಡೇ ಬನ್ನಿ.

ನನ್ನ ಮಗ ಈ ಸಲವೂ ಬರ್ತಾನೆ. ನಿನ್ನೆ ರಾತ್ರಿ ಕೇಳಿದ: "ಅಪ್ಪಾ, ನಿಮಗೆ ಸುಸ್ತಾದರೆ ನೀವೂ ಹೇಳ್ತೀರಲ್ಲ?" ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀನಿ. ನೀವೂ ನಿಮ್ಮ ಮಕ್ಕಳಿಗೆ ಇವತ್ತೇ ಕೊಡಿ.